ಲಂಡನ್ನಿಗೆ ಹೋಗುವ ಮುನ್ನ ದರಿಯಾ ದೌಲತ್

ಯುರೋಪಿನ ಕಲಾಪ್ರವಾಸದ ಕರಪತ್ರಗಳು ಈಗ ಪಾಂಡವಪುರದಂಥ ತಾಲ್ಲೂಕು ಕೇಂದ್ರಕ್ಕೂ ಬರತೊಡಗಿವೆ. ಇಷ್ಟು ದಿನ, ಇಷ್ಟು ನಗರ, ಇಷ್ಟು ಮ್ಯೂಸಿಯಂ, ಜೊತೆಗೊಬ್ಬ ಮಾರ್ಗದರ್ಶಿ, ಮೂರು ಹೊತ್ತೂ ನಮ್ಮ ಕಡೆಯದೇ ಊಟ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸದಲ್ಲಿರುವ ಮನೆಗಳಲ್ಲಿ ಅಪ್ಪ ಅಮ್ಮಂದಿರು ಹೋಗಿ ಬರುತ್ತಿದ್ದಾರೆ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳನ್ನೂ ಕರೆದೊಯ್ಯುತ್ತಾರೆ. ಹೋಗಲಿ, ಸಂತೋಷ. ಆದರೆ ವಿಜ್ಞಾನದ ಮೇಷ್ಟರಿಗೆ ಯಾವುದನ್ನು ಕಂಡರೂ ಲೆಕ್ಕ ಹಾಕುವ ಚಟ.

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿಟ್ಟ ಕೃತಿಗಳು ಸುಮಾರು 35,000. ಒಂದೊಂದರ ಮುಂದೆ ಬರೀ ಅರ್ಧ ನಿಮಿಷ ನಿಂತರೂ 17,500 ನಿಮಿಷ ಬೇಕು. ಅಂದರೆ ಸುಮಾರು 292 ಗಂಟೆ. ದಿನಕ್ಕೆ ಎಂಟು ಗಂಟೆ ನಡೆದರೂ 36 ದಿನ ಮುಗಿದು ಇನ್ನೂ ಸ್ವಲ್ಪ ಉಳಿಯುತ್ತದೆ. ಗುಂಪು ಪ್ರವಾಸದವರಿಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಅರ್ಧ ದಿನ. ಆ ಅರ್ಧ ದಿನದಲ್ಲಿ ಎಲ್ಲರೂ ಓಡುವುದು ಮೋನಾಲಿಸಾಳ ಕಡೆಗೆ. ಚಿತ್ರದ ಅಳತೆ 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲ. ನಮ್ಮ ಶಾಲೆಯ ಗೋಡೆಯ ಭೂಪಟಕ್ಕಿಂತ ಚಿಕ್ಕದು. ಅದೇ ಕೋಣೆಯ ಎದುರು ಗೋಡೆಯಲ್ಲಿ 1563ರಲ್ಲಿ ವೆರೊನೀಸ್ ಬರೆದ ಮದುವೆಯೂಟದ ಚಿತ್ರವಿದೆ. ಅದು ಹತ್ತಿರಹತ್ತಿರ ಹತ್ತು ಮೀಟರ್ ಅಗಲ. ಮೋನಾಲಿಸಾಳಿಗೆ ಮುಖ ಮಾಡಿ ನಿಂತವರ ಬೆನ್ನು ಈ ದೊಡ್ಡ ಚಿತ್ರದ ಕಡೆಗಿರುತ್ತದೆ. ನಮ್ಮ ನೆಂಟರೊಬ್ಬರು ಹೋಗಿ ಬಂದು ಫೋನಿನಲ್ಲಿ ತೋರಿಸಿದ ಫೋಟೊದಲ್ಲಿ ಮೋನಾಲಿಸಾಳ ಹಣೆ ಮಾತ್ರ ಕಾಣುತ್ತಿತ್ತು. ಉಳಿದದ್ದೆಲ್ಲ ಎತ್ತಿದ ಕೈಗಳು.

ನೋಡುವುದು ಕೂಡ ಒಂದು ವಿದ್ಯೆ. ಸೂಕ್ಷ್ಮದರ್ಶಕದಲ್ಲಿ ಈರುಳ್ಳಿ ಸಿಪ್ಪೆಯ ಕೋಶ ನೋಡಲು ಮಕ್ಕಳಿಗೆ ಹೇಗೆ ಕಲಿಸಬೇಕೋ ಚಿತ್ರ ನೋಡುವುದನ್ನೂ ಹಾಗೆಯೇ ಕಲಿಸಬೇಕು. ಅದನ್ನು ಕಲಿಯಲು ವೀಸಾ ಬೇಡ. ನಮ್ಮ ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ತಾಲ್ಲೂಕುಗಳೇ ಸಾಕು. ಹಾಗೆಂದುಕೊಂಡು ಒಂಬತ್ತನೆಯ ತರಗತಿಯ ಇಪ್ಪತ್ತೆಂಟು ಮಕ್ಕಳನ್ನು ಮೂರು ಭಾನುವಾರ ಕರೆದುಕೊಂಡು ಹೊರಟೆ. ನಿಯಮ ಒಂದೇ: ಒಂದು ದಿನಕ್ಕೆ ಎರಡು ಜಾಗಕ್ಕಿಂತ ಹೆಚ್ಚು ನೋಡುವಂತಿಲ್ಲ.

ಯುರೋಪು ನಮ್ಮೂರಿಗೆ ಬಂದಿತ್ತು

ಪ್ರವಾಸ ಶುರುವಾದದ್ದು ನಮ್ಮೂರಿನ ಹೆಸರಿನಿಂದಲೇ. ಹಳಬರ ಬಾಯಲ್ಲಿ ಪಾಂಡವಪುರಕ್ಕೆ ಹಿರೋಡೆ ಎಂದೂ ಫ್ರೆಂಚ್‌ರಾಕ್ಸ್ ಎಂದೂ ಹೆಸರು. ಕುಂತಿಬೆಟ್ಟದ ಬಂಡೆಗಳ ಆಸುಪಾಸಿನಲ್ಲಿ ಹೈದರಾಲಿ, ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರು. ಹೀಗಾಗಿ ಇಂಗ್ಲಿಷರ ನಕ್ಷೆಗಳಲ್ಲಿ ನಮ್ಮೂರು ಫ್ರೆಂಚರ ಬಂಡೆಯಾಯಿತು. ಪಾಂಡವರು ವನವಾಸದಲ್ಲಿ ಇಲ್ಲಿ ತಂಗಿದ್ದರೆಂಬ ಐತಿಹ್ಯ ಇನ್ನೊಂದು ಹೆಸರನ್ನು ಕೊಟ್ಟಿತು. ಒಂದೇ ಬಂಡೆ, ನೋಡಿದವರಿಗೆ ತಕ್ಕಂತೆ ಎರಡು ಹೆಸರು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಮಕ್ಕಳಿಗೆ ಹೇಳಿದೆ. ಮುಂದೆ ನೋಡುವ ಚಿತ್ರಗಳಲ್ಲೆಲ್ಲ ಇದೇ ಸಂಗತಿ ಎದುರಾಗುವುದಿತ್ತು.

ಅಲ್ಲಿಂದ ಶ್ರೀರಂಗಪಟ್ಟಣ ಇಪ್ಪತ್ತು ಕಿಲೋಮೀಟರಿನ ಒಳಗೆ. ಗಂಜಾಂ ರಸ್ತೆಯಲ್ಲಿ ತೋಟದ ನಡುವೆ ಇರುವುದು ದರಿಯಾ ದೌಲತ್. ಟಿಪ್ಪು 1784ರಲ್ಲಿ ಕಟ್ಟಿಸಿದ, ಹೆಚ್ಚಾಗಿ ತೇಗದ ಮರದ ಬೇಸಿಗೆ ಅರಮನೆ. ಪ್ರವಾಸಿ ಬಸ್ಸುಗಳು ಇಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದು ವಾಡಿಕೆ. ನಾವು ಪಶ್ಚಿಮದ ಗೋಡೆಯ ಮುಂದೆ ಎರಡು ಗಂಟೆ ನಿಲ್ಲುತ್ತೇವೆಂದು ತಿಳಿದಾಗ ನಮ್ಮ ಬಸ್ಸಿನ ಚಾಲಕರು, ‘ಇದ್ಯಾನ್ ಸಾ, ಒಂದೇ ಗ್ವಾಡೆ ಮುಂದೆ ಎಲ್ಡ್ ಗಂಟೆಯಾ?’ ಎಂದು ನಕ್ಕರು. ಒಂದು ಗಂಟೆಯ ಮೇಲೆ ಅವರೂ ಬಂದು ಮಕ್ಕಳ ಜೊತೆ ನಿಂತಿದ್ದರು.

ಮೀಸೆಯ ಲೆಕ್ಕ

ಆ ಗೋಡೆಯ ಮೇಲಿರುವ ಮುಖ್ಯ ಚಿತ್ರ ಪೊಳ್ಳಿಲೂರು ಯುದ್ಧ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೈಲಿಯ ಈಸ್ಟ್ ಇಂಡಿಯಾ ಕಂಪನಿ ಪಡೆಯನ್ನು ಸೋಲಿಸಿತು. ಅರಮನೆ ಎದ್ದದ್ದು ನಾಲ್ಕು ವರ್ಷಗಳ ಬಳಿಕ. ಗೆದ್ದವರ ಮನೆಯ ಗೋಡೆಯಲ್ಲಿ ಗೆಲುವಿನ ಚಿತ್ರ.

ಮೊದಲ ಕಾಲು ಗಂಟೆ ಮಕ್ಕಳಿಗೆ ಅಲ್ಲಿ ಗದ್ದಲವಲ್ಲದೆ ಬೇರೇನೂ ಕಾಣಲಿಲ್ಲ. ಕುದುರೆ, ಕತ್ತಿ, ಉರುಳಿದ ತಲೆ. ಆಮೇಲೆ ಒಂದೊಂದಾಗಿ ತೆರೆದುಕೊಂಡಿತು. ನಡುವೆ ಕೆಂಪು ಕೋಟಿನ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ. ಚೌಕದ ಒಳಗೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ, ಬೆರಳು ಬಾಯಿಗಿಟ್ಟುಕೊಂಡು ಕೂತಿದ್ದಾನೆ. ಮದ್ದಿನ ಗಾಡಿ ಸಿಡಿಯುತ್ತಿದೆ. ಹೈದರ್, ಟಿಪ್ಪು ಇಬ್ಬರೂ ಆನೆಯ ಮೇಲೆ ನಿರಾಳವಾಗಿದ್ದಾರೆ. ಫ್ರೆಂಚ್ ಸೇನಾನಿ ಲಾಲಿ ದುರ್ಬೀನು ಹಿಡಿದಿದ್ದಾನೆ. ‘ಇವ್ನು ನಮ್ಮೂರ್ ಬಂಡೆಯೋನೇನಾ ಸಾ?’ ಎಂದ ಒಬ್ಬ ಹುಡುಗ. ಫ್ರೆಂಚ್‌ರಾಕ್ಸ್ ಎಂಬ ಹೆಸರು ಅಲ್ಲಿಗೆ ಅವನ ಮನಸ್ಸಿನಲ್ಲಿ ಗಟ್ಟಿಯಾಯಿತು.

ಸೂಕ್ಷ್ಮವಾದದ್ದನ್ನು ಕಂಡುಹಿಡಿದವಳು ಹಿಂದಿನ ಬೆಂಚಿನ ಒಬ್ಬ ಹುಡುಗಿ. ‘ಸಾರ್, ಮೀಸೆ ಇರೋರೆಲ್ಲ ಮೈಸೂರಿನೋರು, ಇಲ್ದೋರೆಲ್ಲ ಇಂಗ್ಲಿಷ್ನೋರು.’ ಹೌದಲ್ಲ! ಶತ್ರುವನ್ನು ನುಣುಪು ಮುಖದವನನ್ನಾಗಿ ಮಾಡುವುದೂ ಚಿತ್ರಕಾರನ ಒಂದು ಮಾತು. ಅಕ್ಷರವಿಲ್ಲದೆ ಆಡಿದ ಮಾತು. ಇನ್ನೊಬ್ಬ, ದೂರದ ಕುದುರೆ ಚಿಕ್ಕದಾಗಿ ಕಾಣಬೇಕಲ್ಲವೇ ಎಂದು ಕೇಳಿದ. ಬೆಳಕಿನ ಪಾಠ ಓದಿದವನ ಪ್ರಶ್ನೆ. ಈ ಚಿತ್ರದಲ್ಲಿ ಗಾತ್ರ ದೂರವನ್ನು ಹೇಳುವುದಿಲ್ಲ, ಮುಖ್ಯರು ಯಾರು ಎಂಬುದನ್ನು ಹೇಳುತ್ತದೆ. ಕಣ್ಣು ಒಂದೇ ಕಡೆ ನಿಲ್ಲುವುದಿಲ್ಲ, ಗೋಡೆಯುದ್ದಕ್ಕೂ ನಡೆಯುತ್ತಾ ಹೋಗಬೇಕು. ಇದು ಅರಿಯದೆ ಮಾಡಿದ್ದಲ್ಲ, ನೋಡುವ ಇನ್ನೊಂದು ಕ್ರಮ.

ಮಕ್ಕಳಿಗೆ ಇನ್ನೊಂದು ವಿಷಯ ಹೇಳಬೇಕಿತ್ತು. ಇಂದು ಕಾಣುವ ಬಣ್ಣವೆಲ್ಲ 1784ರದಲ್ಲ. 1799ರ ನಂತರ ಈ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿ ಹಾಳಾಗಿದ್ದ ಚಿತ್ರಗಳನ್ನು ಸರಿಪಡಿಸಿದ. ಅವು ಮತ್ತೆ ಕೆಟ್ಟಾಗ 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಪುನಃ ಬರೆಸಿದ. ಇಂಗ್ಲಿಷರ ಸೋಲಿನ ಚಿತ್ರವನ್ನು ಇಂಗ್ಲಿಷರೇ ಉಳಿಸಿದರು ಎಂಬುದು ಸೋಜಿಗ. ಹೊರಗೆ ಇಳಿಬಿಟ್ಟ ಹಸಿರು ಪರದೆಗಳು ಅಲಂಕಾರಕ್ಕಲ್ಲ. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಬಣ್ಣದ ಅಣುಗಳನ್ನು ಒಡೆಯುತ್ತದೆ. ಕಿಟಕಿ ಪಕ್ಕದ ಕ್ಯಾಲೆಂಡರ್ ಮಂಕಾಗುವುದೂ ಅದೇ ಕಾರಣಕ್ಕೆ.

ಅದೇ ಊರು, ಬೇರೆ ಕಣ್ಣು

ಒಳಗೆ ಹೋದರೆ ಮ್ಯೂಸಿಯಂ. ಅಲ್ಲಿ ರಾಬರ್ಟ್ ಕೆರ್ ಪೋರ್ಟರ್ ಬರೆದ ಶ್ರೀರಂಗಪಟ್ಟಣದ ಲಗ್ಗೆಯ ತೈಲಚಿತ್ರವಿದೆ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹತನಾದ. ಮರುವರ್ಷವೇ, 1800ರಲ್ಲಿ, ಇಪ್ಪತ್ತಮೂರರ ಆಸುಪಾಸಿನ ಈ ಚಿತ್ರಕಾರ ಲಂಡನ್ನಿನಲ್ಲಿ ಲಗ್ಗೆಯ ಒಂದು ಮಹಾಚಿತ್ರ ಪ್ರದರ್ಶಿಸಿದ. ಉದ್ದ ಸುಮಾರು 120 ಅಡಿ. ಬರೆಯಲು ಹಿಡಿದದ್ದು ಆರು ವಾರವಂತೆ. ಆಗ ಸಿನಿಮಾ ಇರಲಿಲ್ಲ. ಪನೋರಮಾ ಎಂಬ ಈ ವಿದ್ಯೆಗೆ ರಾಬರ್ಟ್ ಬಾರ್ಕರ್ ಎಂಬುವನು 1787ರಲ್ಲಿ ಪೇಟೆಂಟ್ ಪಡೆದಿದ್ದ. ಜನ ದುಡ್ಡು ಕೊಟ್ಟು ಒಳಗೆ ಹೋಗಿ, ಬಾಗಿದ ಚಿತ್ರದ ಎದುರು ನಿಂತು, ಯುದ್ಧದ ನಡುವೆಯೇ ಇದ್ದಂತೆ ಬೆರಗಾಗುತ್ತಿದ್ದರು. ಸೋಜಿಗವೆಂದರೆ ಕೆರ್ ಪೋರ್ಟರ್ ಆಗಿನ್ನೂ ಶ್ರೀರಂಗಪಟ್ಟಣವನ್ನು ಕಂಡಿರಲಿಲ್ಲ. ಹೋಗಿ ಬಂದವರ ಮಾತು ಕೇಳಿ ಬರೆದದ್ದು.

ಇಲ್ಲಿ ಗೋಡೆಯ ಲೆಕ್ಕ ತಲೆಕೆಳಗು. ಲಗ್ಗೆಯ ಮುಂದಾಳು ಜನರಲ್ ಬೇರ್ಡ್ ನಾಯಕ, ಕೆಂಪು ಕೋಟಿನವರು ವೀರರು. ಈ ಬೇರ್ಡ್ ಯಾರು? ಹೊರಗೋಡೆಯ ಪೊಳ್ಳಿಲೂರಿನಲ್ಲಿ ಸೆರೆಸಿಕ್ಕವರಲ್ಲಿ ಒಬ್ಬ! ಮೂರೂವರೆ ವರ್ಷ ಇದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. 1784ರಲ್ಲಿ ಬಿಡುಗಡೆಯಾದವನು ಹದಿನೈದು ವರ್ಷದ ಮೇಲೆ ಅದೇ ಊರಿಗೆ ಲಗ್ಗೆಯಿಟ್ಟ.

ಕತೆ ಇಷ್ಟಕ್ಕೆ ಮುಗಿಯುವುದಿಲ್ಲ. 1839ರಲ್ಲಿ ಡೇವಿಡ್ ವಿಲ್ಕಿ ಎಂಬ ಸ್ಕಾಟ್ಲೆಂಡಿನ ಕಲಾವಿದ, ಬೇರ್ಡ್ ದೀಪದ ಬೆಳಕಿನಲ್ಲಿ ಟಿಪ್ಪುವಿನ ದೇಹವನ್ನು ಕಂಡ ಗಳಿಗೆಯನ್ನು ಹನ್ನೊಂದು ಅಡಿಗೂ ಎತ್ತರದ ಕ್ಯಾನ್‌ವಾಸಿನಲ್ಲಿ ಬರೆದ. ಅವನೂ ಇಂಡಿಯಾಕ್ಕೆ ಬಂದವನಲ್ಲ. ಚಿತ್ರ ಬರೆಸಿದವಳು ಬೇರ್ಡನ ವಿಧವೆ. ಈಗ ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಸಂಗ್ರಹದಲ್ಲಿದೆ. ಅದರ ಮುದ್ರಿತ ಪ್ರತಿಯೊಂದನ್ನು ನಾನು ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಬೇರ್ಡನ ಕಾಲಡಿಯಲ್ಲಿ ಒಂದು ಕಬ್ಬಿಣದ ಜಾಲರಿ ಕಾಣುತ್ತದೆ. ಅದು ನೆಲಮಾಳಿಗೆಯ ಸೆರೆಮನೆಯ ಬೆಳಕಿಂಡಿ. ಹಿಂದೆ ಬೇರ್ಡ್ ಕೊಳೆತ ಜಾಗ ಅದೇ ಎಂದು ಸೂಚಿಸಲು ವಿಲ್ಕಿ ಬರೆದದ್ದು. ಆ ಜಾಲರಿ ಮಕ್ಕಳ ಕಣ್ಣಿಗೆ ಬೀಳಲು ಎಂಟು ನಿಮಿಷ ಬೇಕಾಯಿತು. ಬಿದ್ದ ಮೇಲೆ ಒಬ್ಬರೂ ಕೂಗಲಿಲ್ಲ, ಎಲ್ಲರೂ ಸುಮ್ಮನಾದರು.

ಅಲ್ಲಿಯೇ ಹುಲ್ಲುಹಾಸಿನ ಮೇಲೆ ಕೂತು ಮೂರು ಪ್ರಶ್ನೆಗಳನ್ನು ಬರೆಸಿದೆ. ಈ ಚಿತ್ರವನ್ನು ಬರೆಸಿದವರು ಯಾರು? ಬರೆದವನು ಎಲ್ಲಿ ನಿಂತು ನೋಡಿದಂತೆ ಬರೆದಿದ್ದಾನೆ? ಏನನ್ನು ಬಿಟ್ಟಿದ್ದಾನೆ? ಮೂರನೆಯದೇ ಕಷ್ಟ. ಒಬ್ಬ ಹುಡುಗ ಹೀಗೆ ಬರೆದಿದ್ದ: ‘ಎರಡು ಚಿತ್ರದಲ್ಲೂ ಊರಿನ ಜನ ಇಲ್ಲ.’ ನನ್ನ ಮಟ್ಟಿಗೆ ಇಡೀ ಪ್ರವಾಸದ ಖರ್ಚು ಆ ಒಂದು ಸಾಲಿಗೆ ಸಂದಾಯವಾಯಿತು.

ಹುಲಿ ಎಲ್ಲಿಗೆ ಹೋಯಿತು?

ಮಧ್ಯಾಹ್ನ ಬುತ್ತಿಯ ಚಿತ್ರಾನ್ನ, ಮೊಸರನ್ನ ಮುಗಿಸಿ ಗುಂಬಜ್‌ಗೆ ಹೋದೆವು. ಹೈದರ್, ಟಿಪ್ಪು ಮತ್ತು ಟಿಪ್ಪುವಿನ ತಾಯಿಯ ಸಮಾಧಿಗಳಿರುವ ಜಾಗ. ದಂತದ ಕೆತ್ತನೆಯ ಕರಿಮರದ ಬಾಗಿಲುಗಳು ಡಾಲ್‌ಹೌಸಿಯ ಕೊಡುಗೆ. ಒಳಗೋಡೆಯ ತುಂಬ ಹುಲಿಪಟ್ಟೆ. ‘ಟಿಪ್ಪುವಿನ ಮರದ ಹುಲಿ ಎಲ್ಲೈತೆ ಸಾ?’ ಎಂಬ ಪ್ರಶ್ನೆ ಸಹಜವಾಗಿ ಬಂತು.

ಅದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಯುರೋಪಿಯನ್ ಸೈನಿಕನೊಬ್ಬನ ಮೇಲೆರಗಿದ ಹುಲಿ, ಸುಮಾರು 178 ಸೆಂಟಿಮೀಟರ್ ಉದ್ದ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದುತ್ತದೆ. ಕೊಳವೆಗಳಿಂದ ಹುಲಿಯ ಗುರುಗುಟ್ಟುವಿಕೆ, ಮನುಷ್ಯನ ನರಳಾಟ ಹೊರಡುತ್ತದೆ, ಬಿದ್ದವನ ಕೈ ಮೇಲೇಳುತ್ತದೆ. ಹುಲಿಯ ಮೈಯೊಳಗೆ ಹಾರ್ಮೋನಿಯಂನಂಥ ಮನೆಗಳೂ ಇವೆ. 1799ರಲ್ಲಿ ಅರಮನೆಯಿಂದ ಒಯ್ದದ್ದನ್ನು 1808ರಿಂದ ಕಂಪನಿಯ ಕಚೇರಿಯಲ್ಲಿ ಜನರ ನೋಟಕ್ಕಿಟ್ಟರು. ಪೊಳ್ಳಿಲೂರು ಚಿತ್ರದ ಕಾಗದದ ಮೇಲಿನ ಒಂದು ಪ್ರತಿ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ನಮ್ಮ ತಾಲ್ಲೂಕಿನ ವಸ್ತುಗಳು ಲೋಕದ ಮ್ಯೂಸಿಯಂಗಳಲ್ಲಿ ಹರಡಿವೆ. ಅವನ್ನು ನೋಡಲು ಲಂಡನ್ನಿಗೆ ಹೋಗುವ ಹುಡುಗನಿಗೆ ಗುಂಬಜಿನ ಪಟ್ಟೆ ಗೊತ್ತಿದ್ದರೆ ಹುಲಿ ನಾಲ್ಕು ಮಾತು ಹೆಚ್ಚಿಗೆ ಆಡೀತು.

ಬಳಪದ ಕಲ್ಲಿನ ಸುತ್ತ

ಎರಡನೆಯ ಭಾನುವಾರ ಕೆ.ಆರ್. ಪೇಟೆಯ ಮಗ್ಗುಲಿನ ಹೊಸಹೊಳಲಿಗೆ. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳ ಸೋಮೇಶ್ವರನ ಕಾಲದ್ದು, ಸುಮಾರು 1250ರದು. ತ್ರಿಕೂಟ. ಬೇಲೂರು ಹಳೇಬೀಡಿಗೆ ಹೋಗುವ ಬಸ್ಸುಗಳು ಇತ್ತ ತಿರುಗುವುದು ಅಪರೂಪ.

ಶಾಲೆಯಿಂದ ಒಂದು ತುಂಡು ಬಳಪ ತಂದಿದ್ದೆ. ಉಗುರಿನಿಂದ ಗೀರಿ ಎಂದೆ. ಗೀರಿತು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಒಡ್ಡಿಕೊಂಡ ಮೇಲೆ ಗಡುಸು. ಹೊಯ್ಸಳ ಶಿಲ್ಪಿ ಆಭರಣದ ಎಳೆಎಳೆಯನ್ನೂ ಬಿಡಿಸಲು ಸಾಧ್ಯವಾದದ್ದು ಕಲ್ಲಿನ ಈ ಗುಣದಿಂದ. ಕುಂತಿಬೆಟ್ಟದ ಬಂಡೆಗಲ್ಲಿನಲ್ಲಿ ಅಷ್ಟು ನವಿರು ಕೆಲಸ ತೆಗೆಯುವುದು ಬಲು ಕಷ್ಟ. ಕಲೆಯ ಪಾಠ ಎಲ್ಲಿ ಮುಗಿಯಿತು, ಭೂವಿಜ್ಞಾನದ್ದು ಎಲ್ಲಿ ಶುರುವಾಯಿತು ಎಂದು ಮಕ್ಕಳು ಕೇಳಲಿಲ್ಲ.

ಗೋಡೆಯ ತಳದಿಂದ ಮೇಲಕ್ಕೆ ಸಾಲುಸಾಲು ಪಟ್ಟಿಕೆಗಳು: ಆನೆ, ಕುದುರೆ ಸವಾರರು, ಬಳ್ಳಿ, ಕತೆ, ಮಕರ, ಹಂಸ. ಕತೆಯ ಪಟ್ಟಿಕೆಯಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆ. ಒಂದು ಕಡೆ ನಿಂತರೆ ಕತೆ ತಿಳಿಯದು. ಪ್ರದಕ್ಷಿಣೆ ಬರುತ್ತಾ ಹೋದರೆ ಓದುತ್ತಾ ಹೋಗಬಹುದು. ಲಂಡನ್ನಿನ ಪನೋರಮಾದಲ್ಲಿ ಚಿತ್ರವೇ ನೋಡುವವನನ್ನು ಬಳಸಿ ನಿಂತಿತ್ತು. ದರಿಯಾ ದೌಲತ್ತಿನಲ್ಲಿ ಉದ್ದಕ್ಕೆ ನಡೆದೆವು. ಇಲ್ಲಿ ನಾವೇ ಸುತ್ತುತ್ತೇವೆ. ಚಿತ್ರ ನೋಡುವುದು ಕಣ್ಣಿನ ಕೆಲಸ ಮಾತ್ರವಲ್ಲ, ಕಾಲಿನದೂ ಹೌದೆಂದು ಆ ದಿನ ಮಕ್ಕಳಿಗೆ ಗೊತ್ತಾಯಿತು. ಮೂರು ಸುತ್ತು ಹಾಕಿದ ಮೇಲೂ ‘ಇನ್ನೊಂದ್ ಸುತ್ತು ಸಾರ್’ ಎಂದರು.

ದೀಪವಿಲ್ಲದ ಬೆಳಕು

ಕೊನೆಯ ಭಾನುವಾರ ಮೈಸೂರಿನ ಜಗನ್ಮೋಹನ ಅರಮನೆ. 1915ರಿಂದ ಅದು ಚಿತ್ರಶಾಲೆ. ಯುರೋಪಿನ ತೈಲವರ್ಣದಲ್ಲಿ ನಮ್ಮ ಪುರಾಣದ ಕತೆ ಹೇಳಿದ ರವಿವರ್ಮನ ಚಿತ್ರಗಳು ಇಲ್ಲಿವೆ. ಮಕ್ಕಳು ಹೆಚ್ಚು ಹೊತ್ತು ನಿಂತದ್ದು ಮಾತ್ರ ದೀಪ ಹಿಡಿದ ಹೆಣ್ಣಿನ ಎದುರು. ಎಷ್ಟೋ ಜನ ಇದನ್ನೂ ರವಿವರ್ಮನದೆಂದೇ ಹೇಳುತ್ತಾರೆ. ಬರೆದವರು ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ. ರೂಪದರ್ಶಿ ಅವರ ಮಗಳು. ಇದು ತೈಲವರ್ಣವೂ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಒಮ್ಮೆ ಕಪ್ಪಾದದ್ದನ್ನು ಮತ್ತೆ ಬೆಳ್ಳಗೆ ಮಾಡುವುದು ಬಲು ಕಷ್ಟ. ಬೆಳಕು ಬೇಕಾದ ಕಡೆ ಕಾಗದವನ್ನು ಬಿಟ್ಟುಕೊಂಡೇ ಬರಬೇಕು. ಬೆಳಕನ್ನು ಬರೆದಿಲ್ಲ, ಕತ್ತಲನ್ನು ಬರೆದಿದ್ದಾರೆ ಎಂದರೂ ನಡೆದೀತು. ಹೆಸರಿನ ಚೀಟಿಯನ್ನು ಓದದೆ ಮುಂದೆ ಹೋಗಬಾರದು ಎಂಬ ನಾಲ್ಕನೆಯ ನಿಯಮ ಅಲ್ಲಿ ಸೇರಿತು.

ಪೋಷಕರಿಗೆ ಎರಡು ಮಾತು

ನಮ್ಮ ಮೀಸೆ ಲೆಕ್ಕದ ಹುಡುಗಿ ಪರೀಕ್ಷೆಯಲ್ಲಿ ಮುಂದಿನವಳಲ್ಲ. ಆದರೆ ರೆಕಾರ್ಡ್ ಪುಸ್ತಕದ ಹೃದಯದ ಚಿತ್ರವನ್ನು ಅವಳಂತೆ ಬರೆಯುವವರು ತರಗತಿಯಲ್ಲಿಲ್ಲ. ಅವಳ ತಂದೆ ಕಬ್ಬು ಬೆಳೆಯುವವರು. ‘ಚಿತ್ರ ಬರುದ್ರೆ ಹೊಟ್ಟೆ ತುಂಬ್ತದಾ ಮೇಷ್ಟ್ರೇ?’ ಎಂದು ಕೇಳಿದರು. ತುಂಬುತ್ತದೆಂದು ಆಣೆ ಮಾಡಿ ಹೇಳಲಾರೆ. ಮೈಸೂರಿನಲ್ಲಿ ಕಾವಾ, ಅಂದರೆ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಇದೆ, ಪದವಿ ಕೊಡುತ್ತದೆ ಎಂದು ತಿಳಿಸಿದೆ. ಅವಳು ಅಲ್ಲಿಗೇ ಹೋಗಬೇಕೆಂದೇನೂ ಇಲ್ಲ. ಡಾಕ್ಟರಾದರೆ ಎಕ್ಸ್‌ರೇಯನ್ನು, ರೈತಳಾದರೆ ಎಲೆಯ ಮೇಲಿನ ಚುಕ್ಕೆಯನ್ನು ನೋಡುವುದು ಇದೇ ಕಣ್ಣೇ. ತಂದೆ ಮರುಮಾತಾಡಲಿಲ್ಲ. ಮೂರನೆಯ ಭಾನುವಾರ ಮಗಳ ಜೊತೆ ತಾವೂ ಬಸ್ಸು ಹತ್ತಿದರು.

ಇಂಥ ಪ್ರವಾಸ ಯಾರು ಬೇಕಾದರೂ ಮಾಡಬಹುದು. ಹತ್ತು ಮಕ್ಕಳಿಗೊಬ್ಬ ಹಿರಿಯರು ಇರಲಿ. ಕೈಯಲ್ಲಿ ನೋಟ್‌ಬುಕ್, ಪೆನ್ಸಿಲ್ ಇರಲಿ. ಮೊದಲ ಅರ್ಧ ಗಂಟೆ ಫೋನು ಚೀಲದಲ್ಲಿರಲಿ. ಮಾರ್ಗದರ್ಶಿಯ ಮಾತನ್ನು ಮಕ್ಕಳು ತಾವು ನೋಡಿದ ಮೇಲೆ ಕೇಳಲಿ. ಮೊದಲೇ ಕೇಳಿದರೆ ಅವರು ಹೇಳಿದ್ದಷ್ಟೇ ಕಾಣುತ್ತದೆ. ಮುಂದೊಂದು ದಿನ ಯುರೋಪಿಗೆ ಹೋಗುವ ಯೋಗ ಬಂದರೆ ಇದೇ ಕ್ರಮ ಅಲ್ಲಿಯೂ ನಡೆಯುತ್ತದೆ. ಒಂದು ಮ್ಯೂಸಿಯಂನಲ್ಲಿ ಮೂರೇ ಚಿತ್ರ ಆರಿಸಿಕೊಳ್ಳಿ, ಉಳಿದದ್ದು ಬಿಟ್ಟರೆ ನಷ್ಟವಿಲ್ಲ.

ಕಡೆಯದಾಗಿ ಗೋಡೆಗಳ ವಿಷಯ. ನಮ್ಮ ಕಡೆಯ ಹಳೆಯ ಕಟ್ಟಡಗಳಲ್ಲಿ ಕೈಗೆಟಕುವ ಎತ್ತರದಲ್ಲಿ ಹೆಸರು ಗೀಚಿದ್ದು, ಹೃದಯದ ಗುರುತು ಕೊರೆದದ್ದು ಕಾಣುತ್ತದೆ. ಬೆರಳಿನ ಬೆವರಿನಲ್ಲಿ ಉಪ್ಪು, ಎಣ್ಣೆ ಎರಡೂ ಇರುತ್ತವೆ. ಮುಟ್ಟಿದ ಕಡೆ ಬಣ್ಣ ಸಡಿಲವಾಗಿ ಹಕ್ಕಳೆಯೇಳುತ್ತದೆ. ಮುತ್ತಿಗೆ, ಮಳೆ, ಸುಣ್ಣ ಎಲ್ಲವನ್ನೂ ದಾಟಿ ಬಂದ ಚಿತ್ರಗಳು ಅವು. ಅವುಗಳ ಮುಂದೆ ಎರಡು ಗಂಟೆ ನಿಂತ ಇಪ್ಪತ್ತೆಂಟು ಮಕ್ಕಳಲ್ಲಿ ಒಬ್ಬರೂ ಗೋಡೆ ಮುಟ್ಟಲಿಲ್ಲ. ಮುಟ್ಟಬೇಡಿ ಎಂದು ನಾನು ಹೇಳಿದ್ದು ಒಂದೇ ಸಲ.